ಹದಿನಾಲ್ಕು ಗುಂಟೆಯ ನೀರು

ಹೋದ ಕಾರ್ತಿಕದಲ್ಲಿ ನಾನು ಒಂದು ಸಹಿ ಹಾಕದೆ ಬಿಟ್ಟೆ. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ತುಳಸಿಕಟ್ಟೆಗೆ ದೀಪ ಇಟ್ಟು ಒಳಗೆ ಬರುವ ಹೊತ್ತಿಗೆ ಎದುರುಮನೆಯ ಯಜಮಾನರು ಗೇಟು ತೆಗೆದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಟೈಪ್ ಮಾಡಿಸಿದ ಅರ್ಜಿ. ನಮ್ಮ ಬೀದಿಯ ಮೂಲೆಯ ಮೇಷ್ಟ್ರ ಮನೆ ಮಾರಾಟವಾಗಿದೆ, ಆ 14 ಗುಂಟೆಯಲ್ಲಿ 12 ಮನೆಗಳ ಅಪಾರ್ಟ್‌ಮೆಂಟ್ ಏಳುತ್ತದೆ ಅಂತ ಆಗಲೇ ಸುದ್ದಿ ಹಬ್ಬಿತ್ತು. ಅದಕ್ಕೆ ಪರವಾನಗಿ ಕೊಡಬಾರದು ಅಂತ ಅರ್ಜಿ. "ಎಲ್ಲರದ್ದೂ ಆಯ್ತು ಮೇಡಂ, ನಿಮ್ಮದೊಂದೇ ಬಾಕಿ" ಅಂದರು.

ಪೆನ್ನು ಕೈಗೆ ತಗೊಂಡು ಓದಿದೆ. ಏಳು ಅಂಶಗಳಿದ್ದವು. ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಮೇಲಿನ ಮಹಡಿಯಿಂದ ನಮ್ಮ ಹಿತ್ತಿಲು ಕಾಣುತ್ತದೆ. ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಾರೆ. ಸೈಟಿನ ರೇಟು ಬೀಳುತ್ತದೆ. ಹೀಗೇ ಸಾಗಿ, ಕೊನೆಗೆ ಏಳನೆಯದು ಒಂದೇ ಒಂದು ಸಾಲು: "ಪರಿಸರಕ್ಕೂ ಹಾನಿಯಾಗುತ್ತದೆ." ಯಾವ ಪರಿಸರ, ಏನು ಹಾನಿ, ಒಂದೂ ಇಲ್ಲ. ಮೇಷ್ಟ್ರ ಬಾವಿಯ ಮಾತಿಲ್ಲ, ಅಪ್ಪೆಮಿಡಿ ಮರದ ಮಾತಿಲ್ಲ, ಮಳೆನೀರಿನ ಮಾತಿಲ್ಲ. ಮೂರನೆಯ ಅಂಶಕ್ಕೆ ಮತ್ತೆ ಮತ್ತೆ ಕಣ್ಣು ಹೋಯಿತು. ನಮ್ಮ ಮಹಡಿ ಮನೆಯಲ್ಲಿ ಆರು ವರ್ಷದಿಂದ ಬಾಡಿಗೆಗಿರುವ ದಂಪತಿ ಆ 12ರಲ್ಲಿ ಒಂದು ಮನೆಗೆ ಅಡ್ವಾನ್ಸ್ ಕೊಟ್ಟಿದ್ದರು. ಅವಳು ನರ್ಸ್, ಅವನು ಬಸ್ ಕಂಡಕ್ಟರ್. ಇಬ್ಬರದ್ದೂ ಪಾಳಿ ಕೆಲಸ. ಊರ ಹೊರಗಿನ ಹೊಸ ಲೇಔಟಿನಲ್ಲಿ ಸೈಟು ತಗೊಂಡರೆ ರಾತ್ರಿ ಪಾಳಿ ಮುಗಿಸಿ ಮನೆ ಸೇರುವುದು ಹೇಗೆ ಅಂತ ವರ್ಷಗಟ್ಟಲೆ ಲೆಕ್ಕ ಹಾಕಿದವರು. ಅರ್ಜಿಯಲ್ಲಿದ್ದ "ಎಲ್ಲೆಲ್ಲಿಂದಲೋ ಬರುವ ಜನ" ಅಂದರೆ ನನ್ನ ಪಾಲಿಗೆ ಅವರೇ.

ಪೆನ್ನು ವಾಪಸ್ ಕೊಟ್ಟೆ. ನಾಳೆ ನೋಡುತ್ತೇನೆ ಅಂದೆ. ಅವರು ಏನೂ ಹೇಳದೆ ಹೋದರು. ಆಮೇಲೆ ತುಂಬಾ ದಿನ ಹಾಲಿನ ಬೂತಿನ ಹತ್ತಿರ ಸಿಕ್ಕರೂ ಮುಖ ಕೊಟ್ಟು ಮಾತಾಡಲಿಲ್ಲ. ಅದಕ್ಕಿಂತ ಜಾಸ್ತಿ ನನ್ನನ್ನು ಕೊರೆದದ್ದು ಬೇರೆ. ಆ ಏಳನೆಯ ಸಾಲು ನಿಜವಾಗಿತ್ತು. ಹಾನಿ ಆಗುತ್ತದೆ ಅಂತ ನನಗೂ ಗೊತ್ತಿತ್ತು. ಆದರೆ ಅದನ್ನು ಬಿಡಿಸಿ ಹೇಳುವಷ್ಟು ನನಗೂ ತಿಳಿದಿರಲಿಲ್ಲ.

ಮೂರು ಕಿಂಡಿ

2019ರ ಆಗಸ್ಟ್ ಶಿವಮೊಗ್ಗದವರು ಯಾರೂ ಮರೆತಿರಲಾರರು. ಆಶ್ಲೇಷ ಮಳೆ. ತುಂಗೆ ಊರೊಳಗೆ ಬಂದ ಕಥೆ ಎಲ್ಲರಿಗೂ ಗೊತ್ತು. ನಮ್ಮ ಬಡಾವಣೆ ಸಾಗರ ರಸ್ತೆ ಕಡೆಗಿನದು, ಹೊಳೆಯಿಂದ ದೂರ. ಹೊಳೆ ನೀರು ನಮ್ಮಲ್ಲಿಗೆ ಬರಲಿಲ್ಲ. ಬಂದದ್ದು ಮೇಲಿನ ಬಡಾವಣೆಗಳ ನೀರು. ಕರೆಂಟು ಮಧ್ಯಾಹ್ನವೇ ಹೋಗಿತ್ತು. ರಾತ್ರಿ ಹತ್ತರ ಸುಮಾರಿಗೆ ಜಗುಲಿಯಲ್ಲಿ ಬಿಟ್ಟಿದ್ದ ಚಪ್ಪಲಿಗಳು ತೇಲುವುದು ಟಾರ್ಚಿನ ಬೆಳಕಿನಲ್ಲಿ ಕಂಡಿತು. ಬೀದಿಯಲ್ಲಿ ಮೊಣಕಾಲು ನೀರು. ಕೆಂಪು ನೀರು, ಅಡಿಕೆ ತೋಟದ ಕಾಲುವೆಯಲ್ಲಿ ಹರಿಯುವ ಹಾಗೆ ಸದ್ದು ಮಾಡಿಕೊಂಡು ಹರಿಯುತ್ತಿತ್ತು. ಅಕ್ಕಿ ಮೂಟೆ, ಮಕ್ಕಳ ಪುಸ್ತಕ ಎಲ್ಲ ಮಂಚದ ಮೇಲೆ ಏರಿಸಿದೆವು. ಇನ್ನು ಒಂದು ಮೆಟ್ಟಿಲು ಏರಿದರೆ ಒಳಗೇ ಬರುತ್ತದೆ ಅನ್ನುವಾಗ ನೀರು ಅಲ್ಲಿಗೇ ನಿಂತಿತು. ಮೂಲೆಗೆ ಹೋಗಿ ಮೇಷ್ಟ್ರ ಕಾಂಪೌಂಡಿನ ಬುಡದಲ್ಲಿ ತಿರುಗಿ, ಒಳಗೆ ನುಗ್ಗಿ ಮಾಯವಾಗುತ್ತಿತ್ತು.

ಬೆಳಿಗ್ಗೆ ಹೋಗಿ ನೋಡಿದೆ. ಮೇಷ್ಟ್ರ ಕಾಂಪೌಂಡ್ ಹಳೆಯ ಜಂಬಿಟ್ಟಿಗೆ ಕಲ್ಲಿನದ್ದು, ಮೇಲೆಲ್ಲ ಪಾಚಿ. ಅದರ ಬುಡದಲ್ಲಿ, ನೆಲಕ್ಕೆ ಸಮನಾಗಿ ಮೂರು ಕಿಂಡಿ. ಒಂದೊಂದೂ ಒಂದು ಕಲ್ಲು ತೆಗೆದಷ್ಟು ಅಗಲ. ಒಳಗೆ ಇಳಿಜಾರಾದ ಅಂಗಳ, ಆಮೇಲೆ ಹಿತ್ತಿಲು, ಹಲಸಿನ ಮರದ ಬುಡದಲ್ಲಿ ಒಂದು ಸಣ್ಣ ಅಗಳ, ಅದರ ತುದಿಗೆ ಬಾವಿ. ಕಟ್ಟೆ ಕಟ್ಟಿದ ಬಾವಿ, ರಾಟೆ ಇತ್ತು. ಮೇಷ್ಟ್ರು ಪಂಚೆ ಮೇಲೆ ಕಟ್ಟಿಕೊಂಡು ಒಂದು ಗಳುವಿನಿಂದ ಕಿಂಡಿಗೆ ಸಿಕ್ಕಿದ್ದ ಕಸ, ಪ್ಲಾಸ್ಟಿಕ್ ಕವರು, ಹರಿದ ಹವಾಯಿ ಚಪ್ಪಲಿ ಎಳೆದು ಹಾಕುತ್ತಿದ್ದರು. ಕಸ ಅಲ್ಲೇ ಗುಡ್ಡೆಯಾಗಿತ್ತು. ನನ್ನ ಕಾಣೆಯಾದ ಒಂದು ಚಪ್ಪಲಿಯೂ ಅದರಲ್ಲಿ ಇತ್ತು. ಅದನ್ನು ಗಳುವಿನ ತುದಿಯಲ್ಲೇ ಎತ್ತಿ ಕೊಟ್ಟರು. "ಮೃಗಶಿರಾ ಹುಟ್ಟಿದ ಕೂಡಲೇ ಒಂದು ಸಲ, ಆಮೇಲೆ ವಾರಕ್ಕೊಂದು ಸಲ ಕೆರೆದರೆ ಸಾಕಮ್ಮ. ನೀರಿಗೆ ದಾರಿ ಬಿಟ್ಟರೆ ಅದು ಯಾರ ತಂಟೆಗೂ ಬರೋದಿಲ್ಲ" ಅಂದರು.

ಅವರಿದ್ದಷ್ಟು ದಿನ ನಾನು ಆ ಕಿಂಡಿಗಳ ಬಗ್ಗೆ ಮತ್ತೆ ಯೋಚಿಸಲಿಲ್ಲ. ಅವರು ತೀರಿಕೊಂಡರು. ಬೆಂಗಳೂರಿನಲ್ಲಿರುವ ಮಕ್ಕಳು ಎರಡು ವರ್ಷ ಮನೆ ಖಾಲಿ ಇಟ್ಟು ಆಮೇಲೆ ಕೊಟ್ಟುಬಿಟ್ಟರು. ಅವರನ್ನು ದೂರುವುದು ಹೇಗೆ? ಹೆಂಚು ಒಡೆದು ಸೋರುವ ಮನೆಯನ್ನು ಅಲ್ಲಿಂದ ಬಂದು ಯಾರು ನೋಡಿಕೊಳ್ಳುತ್ತಾರೆ?

20,000 ಚದರ ಮೀಟರ್

ಸಹಿ ಹಾಕದ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನದಿಂದ ನಿಯಮಗಳನ್ನು ಓದುತ್ತಾ ಹೋದೆ. ಕಟ್ಟಡ ಕಟ್ಟುವ ಮೊದಲು ಪರಿಸರಕ್ಕೆ ಏನಾಗುತ್ತದೆ ಅಂತ ನೋಡಬೇಕು ಅನ್ನುವ ಕಾನೂನು ನಮ್ಮಲ್ಲಿ ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 2006ರ ಸೆಪ್ಟೆಂಬರಿನಲ್ಲಿ ಬಂದ ಅಧಿಸೂಚನೆ. ಇಐಎ, ಅಂದರೆ ಪರಿಸರ ಪರಿಣಾಮ ಮೌಲ್ಯಮಾಪನ, ಅಂತ ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದೇ. ಆದರೆ ಕಟ್ಟಡಗಳಿಗೆ ಅದು ಶುರುವಾಗುವುದೇ 20,000 ಚದರ ಮೀಟರಿನಿಂದ. ಅಂದರೆ ಎಲ್ಲಾ ಮಹಡಿ ಸೇರಿ ಸುಮಾರು 2,15,000 ಚದರ ಅಡಿ ಕಟ್ಟಿದರೆ ಮಾತ್ರ ರಾಜ್ಯದ ಪರಿಸರ ಪ್ರಾಧಿಕಾರದ ಅನುಮತಿ ಬೇಕು. ಅಷ್ಟು ದೊಡ್ಡ ಕಟ್ಟಡವಾದರೂ ಸುತ್ತಲಿನ ಜನರನ್ನು ಕರೆದು ಅಹವಾಲು ಕೇಳಬೇಕಾಗಿಲ್ಲ.

ಮೇಷ್ಟ್ರ 14 ಗುಂಟೆ ಅಂದರೆ 1,416 ಚದರ ಮೀಟರ್ ನೆಲ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, 12 ಮನೆ. ಎಲ್ಲ ಕೂಡಿದರೂ ಕಟ್ಟುವ ಜಾಗ 2,000 ಚದರ ಮೀಟರಿನ ಆಸುಪಾಸು. ಕಾನೂನಿನ ಕಣ್ಣಿಗೆ ಬೀಳಬೇಕಾದರೆ ಇಂಥವು ಹತ್ತು ಬೇಕು, ಅದೂ ಒಂದೇ ಯೋಜನೆಯಲ್ಲಿ. ಹತ್ತು ಬೇರೆ ಬೇರೆ ಬೀದಿಯಲ್ಲಿ ಹತ್ತು ಬೇರೆ ಬೇರೆ ಬಿಲ್ಡರುಗಳು ಕಟ್ಟಿದರೆ ಪ್ರತಿಯೊಂದೂ ಚಿಕ್ಕದು. ಯಾವುದಕ್ಕೂ ಪ್ರಶ್ನೆ ಇಲ್ಲ. ಆದರೆ ನೀರು ಬೀದಿ ಬೀದಿಗೆ ಬೇರೆಯಾಗಿ ಹರಿಯುವುದಿಲ್ಲ, ಅಲ್ವಾ? ಹತ್ತೂ ಅಂಗಳದ ನೀರು ಒಂದೇ ಚರಂಡಿಗೆ ಬೀಳುತ್ತದೆ. ಶಿವಮೊಗ್ಗದ ಹಳೆಯ ಬಡಾವಣೆಗಳಲ್ಲಿ ಈಗ ನಡೆಯುತ್ತಿರುವುದು ಇದೇ. ಊರಿಗೆ ಊರೇ ಬದಲಾಗುತ್ತಿದೆ, ಒಂದೊಂದು ಸೈಟಾಗಿ.

ಮರಗಳ ಕಾಯ್ದೆಯೂ ಹೀಗೆಯೇ. 1976ರ ಕಾಯ್ದೆ ಒಳ್ಳೆಯದು. ಸ್ವಂತ ಹಿತ್ತಿಲಿನ ಮರ ಕಡಿಯುವುದಕ್ಕೂ ಮರ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕಿನಂಥ ಕೆಲವಕ್ಕೆ ವಿನಾಯಿತಿ ಇದೆ. ಆದರೆ ಸಾರ್ವಜನಿಕರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕಾದದ್ದು 50ಕ್ಕಿಂತ ಜಾಸ್ತಿ ಮರ ಇದ್ದಾಗ. ಮೇಷ್ಟ್ರ ಹಿತ್ತಿಲಿನಲ್ಲಿ ತೆಂಗು ಬಿಟ್ಟರೆ 11 ಮರ. ಆ 11ರಲ್ಲಿ ಒಂದು ಅಪ್ಪೆಮಿಡಿ. ಅದರ ಮಿಡಿಯ ಸೊನೆಯ ಪರಿಮಳ ಮಾರ್ಚಿನಲ್ಲಿ ನಮ್ಮ ಅಡುಗೆಮನೆ ಕಿಟಕಿವರೆಗೂ ಬರುತ್ತಿತ್ತು.

ಇದೆಲ್ಲ ಓದುವಾಗ ಒಂದು ವಿಷಯ ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿತು. 2016ರ ರೇರಾ ಕಾಯ್ದೆ ಇದೆಯಲ್ಲ, ಮನೆ ತಗೊಳ್ಳುವವರಿಗೆ ಮೋಸ ಆಗಬಾರದು ಅಂತ ಬಂದದ್ದು. ಅದರಲ್ಲಿ ಜಾಗ 500 ಚದರ ಮೀಟರ್ ದಾಟಿ, ಮನೆಗಳು 8ಕ್ಕಿಂತ ಜಾಸ್ತಿ ಇದ್ದರೆ ನೋಂದಣಿ ಆಗಲೇಬೇಕು. ಅಂದರೆ ಮೇಷ್ಟ್ರ ಜಾಗದ 12 ಮನೆಗಳು ಅದರೊಳಗೆ ಬರುತ್ತವೆ. ನಮ್ಮ ಮಹಡಿಯ ನರ್ಸ್ ಕೊಟ್ಟ ಅಡ್ವಾನ್ಸಿಗೆ ಕಾವಲು ಇದೆ. ಅದು ಇರಲೇಬೇಕು, ಅವಳ ಹತ್ತು ವರ್ಷದ ದುಡಿಮೆ ಅದು. ದುಡ್ಡಿನ ವಿಷಯದಲ್ಲಿ 12 ಮನೆ ಅಂದರೆ ದೊಡ್ಡದು ಅಂತ ಕಾನೂನಿಗೆ ಅನ್ನಿಸಿದೆ. ನೀರಿನ ವಿಷಯದಲ್ಲಿ ಅದೇ 12 ಮನೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಪಶ್ಚಿಮ ಘಟ್ಟ ಉಳಿಸುವುದಕ್ಕೆ ಅಂತ ಬಂದ ಕಸ್ತೂರಿರಂಗನ್ ವರದಿಯ ಹೆಸರಿನಲ್ಲಿ ನಮ್ಮ ಮಲೆನಾಡಿನಲ್ಲಿ ಹತ್ತು ವರ್ಷಕ್ಕೂ ಮೇಲಾಯಿತು ಜನ ಹೆದರಿಕೊಂಡೇ ಇದ್ದಾರೆ. ಮನೆ ಕಟ್ಟಲೂ ಬಿಡುವುದಿಲ್ಲವಂತೆ ಅಂತ ನನ್ನ ತವರು ಊರು ತೀರ್ಥಹಳ್ಳಿ ಕಡೆ ಈಗಲೂ ಹೇಳುತ್ತಾರೆ. ಸೂಕ್ಷ್ಮ ಪ್ರದೇಶದಲ್ಲಿ ಕಟ್ಟಡಗಳ ಬಗ್ಗೆ ಆ ವರದಿ ಬೇಡ ಅಂದದ್ದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡವನ್ನು. ಅಲ್ಲೂ ಅದೇ ಗೆರೆ. ಇಪ್ಪತ್ತು ಸಾವಿರ ಅನ್ನುವ ಒಂದು ಅಂಕಿ ಕಾಡಿಗೂ ಸರಿ, ಪೇಟೆಗೂ ಸರಿ ಅಂತ ಇಟ್ಟುಕೊಂಡುಬಿಟ್ಟಿದ್ದೇವೆ.

ಅಜ್ಜಿ ಹೇಳಿದ್ದು, ನಾನು ಬರೆದದ್ದು

ದೊಡ್ಡ ಕಟ್ಟಡದವರು ತುಂಬಿಸಬೇಕಾದ ಒಂದು ನಮೂನೆ ಇದೆ. ಫಾರಂ 1ಎ. ಕಟ್ಟಡಗಳಿಗಾಗಿಯೇ ಮಾಡಿದ್ದು. ಅದರಲ್ಲಿ 10 ಭಾಗ. ನೆಲ, ನೀರು, ಗಿಡಮರ, ಪ್ರಾಣಿ ಪಕ್ಷಿ, ಗಾಳಿ, ನೋಟ, ಜನಜೀವನ, ಕಟ್ಟುವ ಸಾಮಾನು, ಕರೆಂಟು, ಕೊನೆಗೆ ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ ಅನ್ನುವ ಯೋಜನೆ. ನನಗೆ ಆ ಪ್ರಶ್ನೆಗಳು ಇಷ್ಟವಾದವು. ಸುತ್ತಿ ಬಳಸಿ ಏನೂ ಇಲ್ಲ. ನೀರು ಸಹಜವಾಗಿ ಹರಿಯುವ ದಾರಿ ಬದಲಾಗುತ್ತದೆಯೇ? ನಿಮ್ಮ ಜಾಗದಿಂದ ಹರಿದ ನೀರು ಕೆಳಗಿನವರಲ್ಲಿ ನಿಲ್ಲುತ್ತದೆಯೇ? ಓಡಾಡುವ ಜೀವಿಗಳಿಗೆ ಅಡ್ಡಿ ಆಗುತ್ತದೆಯೇ? ಪ್ರಿಂಟ್ ತೆಗೆಸಿಕೊಂಡೆ. ಯಾರೂ ಕೇಳದಿದ್ದರೂ ಮೇಷ್ಟ್ರ 14 ಗುಂಟೆಗೆ ಇದನ್ನು ತುಂಬಿಸಿ ನೋಡೋಣ ಅನ್ನಿಸಿತು. ನಾನು ಭೂಗೋಳ ಪಾಠ ಮಾಡುವವಳು. ಮಕ್ಕಳಿಗೆ ಜಲಾನಯನ ಅಂದರೇನು ಅಂತ ವರ್ಷವೂ ಹೇಳುತ್ತೇನೆ. ಸ್ವಂತ ಬೀದಿಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಬರೆಯಲು ಕೂತರೆ ಮೊದಲ ಪ್ರಶ್ನೆಗೇ ಕೈ ನಿಂತಿತು.

ನಮ್ಮ ಬೀದಿಯಲ್ಲಿ ಅದು ಗೊತ್ತಿದ್ದವರು ಒಬ್ಬರೇ, ಮೂರನೇ ಮನೆಯ ಅಜ್ಜಿ. ಎಂಬತ್ತು ದಾಟಿದೆ. ಮದುವೆಯಾಗಿ ಬಂದಾಗ ಇಲ್ಲೆಲ್ಲ ಗದ್ದೆ. ಒಂದು ಭಾನುವಾರ ಫಾರಂ, ರಟ್ಟು, ಪೆನ್ಸಿಲ್ ಹಿಡಿದುಕೊಂಡು ಅವರನ್ನು ಕರೆದುಕೊಂಡು ಮೇಷ್ಟ್ರ ಹಿತ್ತಿಲಿಗೆ ಹೋದೆ. ಆಗ ಇನ್ನೂ ಮನೆ ಕೆಡವಿರಲಿಲ್ಲ, ಗೇಟಿಗೆ ಬೀಗವೂ ಇರಲಿಲ್ಲ. ನಾನು ಪ್ರಶ್ನೆ ಓದುವುದು, ಅವರು ಊರುಗೋಲಿನಿಂದ ತೋರಿಸುವುದು.

"ಅಜ್ಜಿ, ಇಲ್ಲಿ ನೀರು ಎಲ್ಲಿಂದ ಬರ್ತಿತ್ತು?"

"ಎಲ್ಲಿಂದ ಅಂದ್ರೆ ಎಂತ ಹೇಳೂದು ಮಾರಾಯ್ತಿ, ಮೇಲಿಂದ. ಆ ನೀರಿನ ಟ್ಯಾಂಕ್ ಇದೆಯಲ್ಲ, ಅಲ್ಲಿ ಮಕ್ಕಿಗದ್ದೆ. ಅಲ್ಲಿಂದ ಅಂಚಿನ ಮೇಲೇ ಇಳಿದು ನಿಮ್ಮನೆ ಎದುರಿಗೆ ಬರೂದು. ಇಲ್ಲಿ ತಿರುಗೂದು. ಆಶ್ಲೇಷದಲ್ಲಿ ಈ ಹಲಸಿನ ಬುಡದಲ್ಲಿ ಜಲ ಏಳ್ತಿತ್ತು. ಬೆರಳಿಟ್ಟರೆ ತಣ್ಣಗೆ ಒತ್ತಿ ಬರ್ತದೆ, ಹಾಗೆ."

ಅವರು ಬಗ್ಗಿ ಹಲಸಿನ ಬೇರಿನ ಪಕ್ಕ ಮಣ್ಣು ಮುಟ್ಟಿದರು. ನಾನೂ ಮುಟ್ಟಿದೆ. ನವೆಂಬರ್ ಕೊನೆಯಾದರೂ ಹಸಿ ಇತ್ತು. ಎಲೆ ಸರಿಸಿದರೆ ಎರೆಹುಳದ ಹಿಕ್ಕೆ, ಸಣ್ಣ ಸಣ್ಣ ಗುಪ್ಪೆ. ಬಾವಿಯ ಹತ್ತಿರ ಹೋದೆವು. ರಾಟೆಯ ಹಗ್ಗ ಅಲ್ಲೇ ಜೋತುಬಿದ್ದಿತ್ತು. ಅದನ್ನು ನಾನು ನೂರು ಸಲ ನೋಡಿರಬೇಕು, ಆದರೆ ಅದಕ್ಕೆ ಕಟ್ಟಿದ್ದ ಬಟ್ಟೆ ಚೂರುಗಳನ್ನು ನೋಡಿರಲಿಲ್ಲ. ನಾಲ್ಕು ಇದ್ದವು, ಬಣ್ಣ ಮಾಸಿ ಬಿಳಿಚಿಕೊಂಡಿದ್ದವು. ಒಂದು ಯಾವುದೋ ಸೀರೆಯ ಅಂಚು ಅಂತ ಜರಿಯಿಂದ ಗೊತ್ತಾಯಿತು. ಮೇಷ್ಟ್ರ ಹೆಂಡತಿ ಕಟ್ಟಿದ್ದಂತೆ. ಕೊಡ ನೀರಿಗೆ ತಾಗಿದಾಗ ಹಗ್ಗ ಎಲ್ಲಿವರೆಗೆ ಇಳಿದಿದೆ ಅಂತ ನೋಡಿ, ದೀಪಾವಳಿಗೆ ಒಂದು, ಸಂಕ್ರಾಂತಿಗೆ ಒಂದು, ಯುಗಾದಿಗೆ ಒಂದು, ಮಳೆ ಹಿಡಿಯುವ ಮೊದಲು ಒಂದು ಕಟ್ಟುತ್ತಿದ್ದರಂತೆ. "ಯುಗಾದಿ ಗಂಟು ದಾಟಿ ಕೆಳಗೆ ಹೋದ್ರೆ ಆ ವರ್ಷ ಬಟ್ಟೆ ಒಗೆಯೂದು ಎರಡು ದಿನಕ್ಕೊಂದು ಸಲ. ಅವಳು ಬೀದಿಗೆಲ್ಲ ಹೇಳಿಕಳಿಸ್ತಿದ್ಲು" ಅಂದರು ಅಜ್ಜಿ.

ನಾನು ಫಾರಂನಲ್ಲಿ ಅಂತರ್ಜಲದ ಭಾಗಕ್ಕೆ ಆ ನಾಲ್ಕು ಗಂಟುಗಳ ಅಳತೆ ಬರೆದುಕೊಂಡೆ. ಕಟ್ಟೆಯಿಂದ ಟೇಪು ಹಿಡಿದೆವು. ದೀಪಾವಳಿಯದು 9 ಅಡಿ. ಯುಗಾದಿಯದು 23. ಮಳೆಗೆ ಮುಂಚಿನದು 27. ಇದಕ್ಕಿಂತ ಒಳ್ಳೆಯ ದಾಖಲೆ ನಮ್ಮ ಬಡಾವಣೆಯಲ್ಲಿ ಬೇರೆ ಯಾರ ಹತ್ತಿರವೂ ಇರಲಿಕ್ಕಿಲ್ಲ.

ಪ್ರಾಣಿ ಪಕ್ಷಿ ಭಾಗಕ್ಕೆ ಅಜ್ಜಿ ಹೇಳಿದ್ದು: ಕೇರೆ ಹಾವು ಎರಡು, ಮುಂಗುಸಿ, ಹಲಸಿನ ಮರದಲ್ಲಿ ಕುಟ್ರ ಹಕ್ಕಿ. ಗಾಳಿ, ಕರೆಂಟಿನ ಭಾಗಗಳನ್ನು ಬೇಗ ಮುಗಿಸಿದೆವು. ಜನಜೀವನದ ಭಾಗದಲ್ಲಿ, ಈ ಯೋಜನೆಯಿಂದ ಇಲ್ಲಿನ ಜನರ ರಚನೆ ಬದಲಾಗುತ್ತದೆಯೇ ಅಂತ ಒಂದು ಪ್ರಶ್ನೆ. ಅಜ್ಜಿಗೆ ಅರ್ಥ ಮಾಡಿಸಿದೆ. ಅವರು ಬಾವಿಕಟ್ಟೆ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈ ಬೀದಿಯಲ್ಲಿ ಸಣ್ಣ ಮಕ್ಕಳೇ ಇಲ್ಲ ಕಣೇ ಈಗ. ಇರೂದೆಲ್ಲ ನಮ್ಮಂಥವೇ. ಬರ್ಲಿ. ಮಕ್ಕಳು ಬರ್ಲಿ" ಅಂದರು. ಅದನ್ನೂ ಹಾಗೇ ಬರೆದುಕೊಂಡೆ.

ಒಂದು ಲೆಕ್ಕ ನಾನೇ ಹಾಕಿದೆ. ನಮ್ಮ ಕಡೆ ಮಳೆಯನ್ನು ಇಂಚಿನಲ್ಲಿ ಹೇಳುವ ರೂಢಿ. 14 ಗುಂಟೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 36,000 ಲೀಟರ್ ನೀರು. 12,000 ಲೀಟರಿನ ಮೂರು ಟ್ಯಾಂಕರ್. ಹಿತ್ತಿಲಿನ ಮೆತ್ತಗಿನ ಮಣ್ಣು ಅದರಲ್ಲಿ ಒಳ್ಳೆಯ ಪಾಲನ್ನು ಕುಡಿಯುತ್ತಿತ್ತು. ಪೂರ್ತಿ ಸಿಮೆಂಟ್ ಆದರೆ ಹೆಚ್ಚುಕಮ್ಮಿ ಅಷ್ಟೂ ಹೊರಗೆ. ಜೊತೆಗೆ, ಮೂರು ಕಿಂಡಿಯಲ್ಲಿ ಒಳಗೆ ಹೋಗುತ್ತಿದ್ದ ಬೀದಿಯ ನೀರೂ ಹೊರಗೆ. ಆಶ್ಲೇಷದಲ್ಲಿ ಒಂದು ರಾತ್ರಿಗೆ ನಾಲ್ಕು ಇಂಚು ಬಿದ್ದದ್ದಿದೆ.

ಹಳ್ಳ ಇದ್ದದ್ದೆಲ್ಲಿ

ಅಜ್ಜಿ ಹೇಳಿದ ದಾರಿ ಕಾಗದದಲ್ಲೂ ಇದೆಯಾ ಅಂತ ನೋಡಬೇಕಿತ್ತು. ಹಳೆಯ ಗ್ರಾಮ ನಕ್ಷೆಗಳು ಈಗ ಇಂಟರ್‌ನೆಟ್ಟಿನಲ್ಲೇ ಸಿಗುತ್ತವೆ. ಬಡಾವಣೆ ಆಗುವ ಮೊದಲಿನ ಸರ್ವೆ ನಂಬರುಗಳನ್ನು ನಮ್ಮ ಮನೆಯ ಕ್ರಯಪತ್ರದಿಂದ ಹುಡುಕಿಕೊಂಡೆ. ನಕ್ಷೆ ದೊಡ್ಡದು ಮಾಡಿ ನೋಡಿದರೆ, ಮೇಲಿನ ದಿಬ್ಬದಿಂದ ಕೆಳಗಿನ ಕೆರೆಗೆ ಒಂದು ಜೋಡಿ ಗೆರೆ, ಅಂಕುಡೊಂಕಾಗಿ ಇಳಿದಿದೆ. ಹಳ್ಳ. ಭೂದಾಖಲೆಯ ಮಾತಿನಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು, ಯಾರ ಸ್ವಂತವೂ ಅಲ್ಲ.

ಆ ಹಳ್ಳ ಮೇಷ್ಟ್ರ ಜಾಗದ ಪೂರ್ವದ ಮೂಲೆಯನ್ನು ಸ್ವಲ್ಪ ಮುಟ್ಟಿ ಹೋಗುತ್ತದೆ, ಅಷ್ಟೇ. ಅದರ ಉಳಿದ ಉದ್ದವೆಲ್ಲ ಎಲ್ಲಿದೆ ಅಂತ ಸ್ಕೇಲ್ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಬೀದಿಯೇ ಹಳ್ಳ. 1980ರ ದಶಕದಲ್ಲಿ ಲೇಔಟ್ ಮಾಡಿದವರು ಹಳ್ಳವನ್ನು ಮುಚ್ಚಿ ಅದರ ಮೇಲೇ ರಸ್ತೆ ಎಳೆದಿದ್ದಾರೆ. ಪಕ್ಕಕ್ಕೊಂದು ಒಂದೂವರೆ ಅಡಿ ಚರಂಡಿ ಕೊಟ್ಟಿದ್ದಾರೆ. 2019ರಲ್ಲಿ ನಮ್ಮ ಜಗುಲಿಗೆ ಬಂದ ನೀರು ದಾರಿ ತಪ್ಪಿ ಬಂದದ್ದಲ್ಲ. ತನ್ನ ದಾರಿಯಲ್ಲೇ ಬಂದದ್ದು. ಆ ದಾರಿಯಲ್ಲಿ ಮನೆ ಕಟ್ಟಿಕೊಂಡು ಕೂತವರು ನಾವು. ಅರ್ಜಿಗೆ ಸಹಿ ಹಾಕಿದ ಎಲ್ಲ ಮನೆಗಳೂ, ನನ್ನ ಮನೆಯೂ. ಆಗ ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ. ಗದ್ದೆ ಕಳೆದುಕೊಂಡ ಅಜ್ಜಿಯ ಮಾವ ಆಗ ಏನು ಹೇಳಿದ್ದರೋ.

ಇನ್ನೂ ಒಂದಿತ್ತು. ನಾವು 2014ರಲ್ಲಿ ಕಾರು ತಗೊಂಡಾಗ ಅಂಗಳಕ್ಕೆ ಪೂರ್ತಿ ಪೇವರ್ ಹಾಕಿಸಿದೆವು. ಚರಂಡಿಯ ಮೇಲೆ ಕಾಂಕ್ರೀಟ್ ರ‍್ಯಾಂಪ್ ಮಾಡಿಸಿದೆವು. ದಾಸವಾಳ, ಗೋರಂಟಿ ಕಿತ್ತೆವು. ಕೆಸರಿಲ್ಲದ ಅಂಗಳ ನೋಡಿ ನನಗೆ ಎಷ್ಟು ಖುಷಿ ಆಗಿತ್ತು ಅಂತ ಈಗಲೂ ನೆನಪಿದೆ. ಫಾರಂನ ಪ್ರಶ್ನೆಯನ್ನು ನನ್ನ ಮನೆಗೆ ಹಾಕಿಕೊಂಡು ಓದಿದೆ. ನಿಮ್ಮ ಜಾಗದಿಂದ ಹರಿದ ನೀರು ಕೆಳಗಿನವರಲ್ಲಿ ನಿಲ್ಲುತ್ತದೆಯೇ? ನಿಲ್ಲುತ್ತದೆ.

ಅಣ್ಣನ ಮಗಳ ಊರಿನಲ್ಲಿ

ಈ ಗಲಾಟೆಯ ನಡುವೆ ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮಗಳು ಫೋನ್ ಮಾಡಿದಳು. ಎಲ್ಲ ಹೇಳಿದೆ. "ಅತ್ತೆ, ಇಲ್ಲಿ ಪೂರ್ತಿ ಉಲ್ಟಾ" ಅಂದಳು. ಅಲ್ಲಿ 1970ರಲ್ಲೇ ಪರಿಸರ ಪರಿಶೀಲನೆಗೆ ಅಂತ ಒಂದು ಕಾಯ್ದೆ ಬಂತು. ಸೀಕ್ವಾ ಅಂತಾರೆ. 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸರ್ಕಾರ ಅನುಮತಿ ಕೊಡುವ ಖಾಸಗಿ ಕಟ್ಟಡಗಳಿಗೂ ಇದು ಅನ್ವಯ ಅಂದಿತು. ಆಮೇಲೆ ಹಳೆಯ ಬಡಾವಣೆಗಳಲ್ಲಿ ಸಣ್ಣ ಅಪಾರ್ಟ್‌ಮೆಂಟ್ ಕಟ್ಟಲು ಹೋದರೂ ಅಕ್ಕಪಕ್ಕದವರು ಪರಿಸರ ಪರಿಶೀಲನೆ ಸರಿ ಆಗಿಲ್ಲ ಅಂತ ಕೋರ್ಟಿಗೆ ಹೋಗಬಹುದಾಯಿತು. ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ವಸತಿ ಕಟ್ಟಲು ಹೊರಟಾಗ, ಅಲ್ಲಿ ಉಳಿಯುವ ಹುಡುಗರು ಮಾಡುವ ಗದ್ದಲವನ್ನೂ ಪರಿಸರದ ಲೆಕ್ಕದಲ್ಲಿ ನೋಡಬೇಕಿತ್ತು ಅಂತ 2023ರಲ್ಲಿ ಒಂದು ಕೋರ್ಟು ಹೇಳಿತು. ಅದಕ್ಕಾಗಿ ಕಾಯ್ದೆಯನ್ನೇ ತಿದ್ದಿದರು. 2024ರಲ್ಲಿ ಮೇಲಿನ ಕೋರ್ಟು ವಿದ್ಯಾರ್ಥಿಗಳ ವಸತಿಗೆ ದಾರಿ ಬಿಟ್ಟಿತು. 2025ರ ಜೂನ್ ಕೊನೆಗೆ, ಊರೊಳಗೆ 20 ಎಕರೆವರೆಗಿನ ವಸತಿ ಯೋಜನೆಗಳಲ್ಲಿ ಹೆಚ್ಚಿನವಕ್ಕೆ ಈ ಪರಿಶೀಲನೆಯೇ ಬೇಡ ಅಂತ ಹೊಸ ಕಾನೂನು ಬಂತು. "ಮನೆ ಸಿಗದೆ ಜನ ಎರಡು ಗಂಟೆ ದೂರದಿಂದ ಕೆಲಸಕ್ಕೆ ಬರ್ತಾರೆ ಅತ್ತೆ. ಕಾಡಿನಂಚಿಗೆ ಹೋಗಿ ಕಟ್ಟಿಕೊಳ್ತಾರೆ. ಅದು ಪರಿಸರಕ್ಕೆ ಒಳ್ಳೇದಾ?" ಅಂತ ಕೇಳಿದಳು.

ಆ ಮಾತು ನನ್ನಲ್ಲಿ ಉಳಿಯಿತು. ನಮ್ಮ ಬೀದಿಗೆ ಆ ಕಾನೂನಿನ ಬಲ ಇದ್ದಿದ್ದರೆ ಆ ಏಳನೆಯ ಸಾಲನ್ನು ಹಿಡಿದುಕೊಂಡೇ 12 ಮನೆಗಳನ್ನು ಹತ್ತು ವರ್ಷ ನಿಲ್ಲಿಸಿಬಿಡುತ್ತಿದ್ದೆವು. ಬಾವಿಗೂ ಏನೂ ಒಳ್ಳೆಯದಾಗುತ್ತಿರಲಿಲ್ಲ, ನರ್ಸಿಗೂ ಮನೆ ಆಗುತ್ತಿರಲಿಲ್ಲ. ನನಗೆ ಬೇಕಾದದ್ದು ಅಷ್ಟು ದೊಡ್ಡ ಕತ್ತಿ ಅಲ್ಲ. 12 ಮನೆಗೆ ತಕ್ಕಷ್ಟು ಸಣ್ಣ ಪರಿಶೀಲನೆ. ನೀಲಿನಕ್ಷೆಗೆ ಮುದ್ರೆ ಒತ್ತುವ ಮೊದಲು ಯಾರಾದರೂ ಒಬ್ಬರು, ಮಳೆಗಾಲದಲ್ಲಿ ಒಂದು ದಿನ ಛತ್ರಿ ಹಿಡಿದುಕೊಂಡು ಬಂದು, ಆ ಜಾಗದಲ್ಲಿ ನಿಂತು ನೋಡಬೇಕು. ಹಳೆಯ ನಕ್ಷೆ ತೆಗೆದು ಹಳ್ಳ ಎಲ್ಲಿತ್ತು ನೋಡಬೇಕು. ಬೀದಿಯಲ್ಲಿ ವಯಸ್ಸಾದವರನ್ನು ಕರೆದು ಎರಡು ಮಾತು ಕೇಳಬೇಕು. ಕಟ್ಟಬೇಡಿ ಅನ್ನುವುದಕ್ಕಲ್ಲ, ಎಲ್ಲಿ ನೆಲ ಬಿಟ್ಟು ಕಟ್ಟಬೇಕು ಅಂತ ಹೇಳುವುದಕ್ಕೆ. ಇದಕ್ಕೆ ಒಂದು ದಿನ ಸಾಕು. ಪಾಲಿಕೆಯೋ ನಗರಾಭಿವೃದ್ಧಿ ಪ್ರಾಧಿಕಾರವೋ ಇದನ್ನು ನಿಯಮವಾಗಿ ಮಾಡಲಿ ಅಂತ ನಾನು ಬರೆದು ಕೊಟ್ಟಿದ್ದೇನೆ. ಮತ್ತೆ ಮತ್ತೆ ಬರೆಯುತ್ತೇನೆ.

ಎಂಜಿನಿಯರ್ ಜೊತೆ ಮಾತು

ಅರ್ಜಿಗೆ ಜನವರಿಯಲ್ಲಿ ಉತ್ತರ ಬಂತು. ಎಲ್ಲವೂ ನಿಯಮದ ಪ್ರಕಾರ ಇದೆ ಅಂತ. ಅಪ್ಪೆಮಿಡಿ ಮರಕ್ಕೂ ಅನುಮತಿ ಆಗಿತ್ತು. ಅದನ್ನು ಹೂ ಬಿಟ್ಟಿದ್ದಾಗಲೇ ಕಡಿದರು. ಆ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಬಂದಾಗ ಬೀದಿಯೆಲ್ಲ ಮಾವಿನ ಸೊನೆಯ ವಾಸನೆ.

ಮಾರನೆಯ ದಿನ ಸೈಟಿಗೆ ಹೋಗಿ ಎಂಜಿನಿಯರನ್ನು ಕಂಡೆ. ಚಿಕ್ಕ ವಯಸ್ಸಿನವರು, ಹೊಸನಗರದ ಕಡೆಯವರು. ಫಾರಂ, ನಕ್ಷೆ, ನಾಲ್ಕು ಗಂಟಿನ ಅಳತೆ, ಎಲ್ಲ ಸಿಮೆಂಟ್ ಚೀಲದ ಮೇಲೆ ಹರಡಿದೆ. ಜಗಳಕ್ಕೆ ಬಂದಿದ್ದೇನೆ ಅಂದುಕೊಂಡಿದ್ದರು ಅಂತ ಕಾಣುತ್ತದೆ, ಮೊದಲು ನಿಂತೇ ಇದ್ದರು. ಹಲಸಿನ ಬುಡದಲ್ಲಿ ಜಲ ಏಳುತ್ತಿತ್ತು ಅಂದ ಕೂಡಲೇ ಕುಕ್ಕುರುಗಾಲಿನಲ್ಲಿ ಕೂತು ನಕ್ಷೆ ನೋಡಿದರು. "ನಮ್ಮ ಮನೆ ಹಿಂದಿನ ಧರೆಯಲ್ಲೂ ಹಾಗೇ ಏಳ್ತದೆ ಮೇಡಂ" ಅಂದರು. ನಾನು ಕೇಳಿದ್ದು ನಾಲ್ಕೇ. ಪೂರ್ವದ ಕಡೆ ಹೇಗೂ ಸೆಟ್‌ಬ್ಯಾಕ್ ಅಂತ ಖಾಲಿ ಜಾಗ ಬಿಡಬೇಕು, ಅಲ್ಲಿ ಕಾಂಕ್ರೀಟ್ ಹಾಕದೆ ಅಗಳ ತೆಗೆದು ಮಣ್ಣಾಗಿಯೇ ಬಿಡಿ. ಹೊಸ ಕಾಂಪೌಂಡಿನಲ್ಲಿ ಕಿಂಡಿ ಬಿಡಿ. ಹಲಸು ಆ ಅಂಚಿನಲ್ಲೇ ಇದೆ, ಉಳಿಸಿ. ಬಾವಿ ಮುಚ್ಚಬೇಡಿ, ತಾರಸಿ ನೀರನ್ನು ಸೋಸಿ ಅದಕ್ಕೇ ಬಿಡಿ.

"ನನಗೆ ಒಪ್ಪಿಗೆ ಮೇಡಂ. ಆದರೆ ಮನೆ ತಗೊಳ್ಳೋರು ಕೇಳಲ್ಲ. ಸುತ್ತಲೂ ಪೇವರ್ ಇರಬೇಕು ಅಂತಾರೆ. ಮಣ್ಣಿದ್ದರೆ ಕೆಸರು, ಹಾವು ಅಂತಾರೆ" ಅಂದರು. ಅವತ್ತು ರಾತ್ರಿ ಮಹಡಿಗೆ ಹೋಗಿ ನರ್ಸಿಗೆ ಎಲ್ಲ ಹೇಳಿದೆ. ಅವಳು ರಾತ್ರಿ ಪಾಳಿಗೆ ಹೊರಡುವವಳು, ಜಡೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡಳು. 2019ರಲ್ಲಿ ಅವರು ಬಾಡಿಗೆಗೆ ಬಂದು ಕೆಲವೇ ತಿಂಗಳಾಗಿತ್ತು, ಆ ರಾತ್ರಿ ಅಕ್ಕಿ ಮೂಟೆ ಏರಿಸಲು ಕೆಳಗೆ ಇಳಿದು ಬಂದವರು ಅವರೇ. ಆ ವಾರವೇ ಅವಳೂ, ಅಡ್ವಾನ್ಸ್ ಕೊಟ್ಟಿದ್ದ ಇನ್ನೂ ಐದು ಮನೆಯವರೂ ಸೇರಿ ಬಿಲ್ಡರಿಗೆ ಒಂದು ಪತ್ರ ಕೊಟ್ಟರು. ಪೂರ್ವದ ಕಡೆ ನಮಗೆ ಮಣ್ಣೇ ಇರಲಿ ಅಂತ. ನಮ್ಮ ಇಡೀ ಬೀದಿಯ ಅರ್ಜಿ ಮಾಡದ ಕೆಲಸವನ್ನು ಆ ಒಂದು ಹಾಳೆ ಮಾಡಿತು.

ಬಾವಿ ಮಾತ್ರ ಉಳಿಯಲಿಲ್ಲ. ಕೆಡವಿದ ಮನೆಯ ಜಂಬಿಟ್ಟಿಗೆ, ಹೆಂಚಿನ ಚೂರು, ಎಲ್ಲ ಒಂದು ಬೆಳಿಗ್ಗೆ ಜೆಸಿಬಿಯಲ್ಲಿ ತಂದು ಅದರೊಳಗೆ ತುಂಬಿದರು. ಎಂಜಿನಿಯರ್ ಆ ದಿನ ಬೇರೆ ಸೈಟಿನಲ್ಲಿದ್ದರಂತೆ. ಫೋನಿನಲ್ಲಿ ಅವರ ದನಿ ಸಣ್ಣಗಾಗಿತ್ತು. ಜಾಗ ಖಾಲಿ ಮಾಡಿ ಅಂತ ಮೇಲಿನವರು ಹೇಳಿದ್ದು, ಜೆಸಿಬಿಯವನು ಹತ್ತಿರ ಕಂಡ ಗುಂಡಿಗೆ ಹಾಕಿದ್ದು. ನಾನು ಹೋಗುವ ಹೊತ್ತಿಗೆ ರಾಟೆಯ ಕಂಬ ಕೂಡ ಇರಲಿಲ್ಲ. ಹಗ್ಗ ಮಣ್ಣಿನ ರಾಶಿಯ ಮೇಲೆ ಬಿದ್ದಿತ್ತು. ಅದನ್ನು ಸುತ್ತಿ ಮನೆಗೆ ತಂದಿದ್ದೇನೆ.

ಈಗ ಆರಿದ್ರಾ ನಡೆಯುತ್ತಿದೆ. ಪಾಯ ಮುಗಿದು ಕಾಲಂಗಳು ಎದ್ದಿವೆ. ಕಾಂಪೌಂಡ್ ಮೊದಲೇ ಆಗಿದೆ, ಸಿಮೆಂಟ್ ಇಟ್ಟಿಗೆಯದ್ದು, ಬುಡದಲ್ಲಿ ಐದು ಕಿಂಡಿ. ಮೊನ್ನೆ ರಾತ್ರಿ ಜೋರು ಮಳೆ ಬಂತು. ಅಜ್ಜಿ ಫೋನ್ ಮಾಡಿ "ತಿರುಗ್ತಾ ಇದೆಯೇನೇ ನೀರು?" ಅಂತ ಕೇಳಿದರು. ಛತ್ರಿ ಹಿಡಿದು ಹೋದೆ. ನಾಲ್ಕು ಕಿಂಡಿಯಲ್ಲಿ ನೀರು ಒಳಗೆ ಹೋಗುತ್ತಿತ್ತು. ಐದನೆಯದಕ್ಕೆ ಒಂದು ಸಿಮೆಂಟ್ ಚೀಲ ಅಡ್ಡ ಬಂದು ಕೂತಿತ್ತು. ಕೈ ಹಾಕಿ ಎಳೆಯುತ್ತಿದ್ದೆ, ಬರಲಿಲ್ಲ. ಹಿಂದಿನಿಂದ ಯಾರೋ ಟಾರ್ಚ್ ಹಿಡಿದರು. ಎದುರುಮನೆಯ ಯಜಮಾನರು. "ಗಳು ತರ್ತೀನಿ ಇರಿ" ಅಂದು ಹೋಗಿ ತಂದರು. ಇಬ್ಬರೂ ಸೇರಿ ಎಳೆದೆವು. ವಾಪಸ್ ಬರುವಾಗ ಅವರು ನಮ್ಮ ಗೇಟಿನ ಮುಂದೆ ನಿಂತು, ನಮ್ಮ ಪೇವರಿನ ಮೇಲಿಂದ ಬೀದಿಗೆ ಇಳಿಯುತ್ತಿದ್ದ ನೀರಿಗೆ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ತಮ್ಮ ಮನೆಯದ್ದಕ್ಕೂ ಬಿಟ್ಟರು. ಇಬ್ಬರೂ ಮಾತಾಡಲಿಲ್ಲ.

ಶನಿವಾರ ಗಾರೆಯವರು ಬರುತ್ತೇವೆ ಅಂದಿದ್ದಾರೆ. ಮೊದಲು ನಮ್ಮ ಅಂಗಳ. ಮಧ್ಯಾಹ್ನದ ಮೇಲೆ ಎದುರುಮನೆಯದ್ದು.